ದುರುಗಣ್ಣ ಆಣೆ ಮಾಡಲಿಲ್ಲ

"ಆಣೆ ಮಾಡಲ್ಲ," ಅಂದ ದುರುಗಣ್ಣ.

ಚನ್ನಗಿರಿಯ ಬಸವಣ್ಣನ ಗುಡಿಯ ಮುಂದೆ ಒಂದಷ್ಟು ಜನ ಸೇರಿದ್ದರು. ಒಳಗೆ ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಕಾಯುತ್ತಿದ್ದ. ಅಡಿಕೆ ವ್ಯಾಪಾರಿ ನಾಗರಾಜಪ್ಪ ಪಂಚೆಯ ಚುಂಗು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಲಾರಿಯ ಡ್ರೈವರ್ ದುರುಗಣ್ಣ ಮೆಟ್ಟಿಲ ಕೆಳಗೆ, ಚಪ್ಪಲಿಯನ್ನೂ ಬಿಡದೆ ನಿಂತಿದ್ದ. ಚಪ್ಪಲಿ ಬಿಟ್ಟರೆ ಒಳಗೆ ಹೋಗುವ ಮನಸ್ಸಿದೆ ಅಂತ ಯಾರಾದರೂ ತಿಳಿದುಕೊಂಡಾರು ಎಂಬ ಎಚ್ಚರ ಅವನದು.

"ಯಾಕೋ ಮಾಡಲ್ಲ?" ನಾಗರಾಜಪ್ಪನವರ ದನಿ ಏರಿತು. "ತಪ್ಪು ಮಾಡಿಲ್ಲ ಅಂದ್ರೆ ಹೆದರಿಕಿ ಯಾಕೆ? ಕರ್ಪೂರ ಆರಿಸು, ಡೀಸೆಲ್ ಕದ್ದಿಲ್ಲ ಅಂತ ಒಂದು ಮಾತು ಹೇಳು, ಮುಗೀತು. ನಾನೂ ಮರೀತೀನಿ, ನೀನೂ ಮರಿ."

"ಹೆದರಿಕಿ ಅಲ್ಲ ಸಾವ್ಕಾರ್ರೇ. ಇವತ್ತು ನಾನು ಕರ್ಪೂರ ಆರಿಸ್ದೆ ಅಂತ ಇಟ್ಕಳ್ರಿ. ನಾಳೆ ಟ್ಯಾಂಕಿನಾಗೆ ಡೀಸೆಲ್ ಮತ್ತೆ ಕಮ್ಮಿ ಆಗ್ತೈತೆ. ಆಗೇ ಆಗ್ತೈತೆ, ಯಾಕಂದ್ರೆ ಕುಡಿಯೋದು ನಾನಲ್ಲ, ಗಾಡಿ. ಆಗ ಏನಂತೀರಿ? ದುರುಗ ಸುಳ್ಳು ಆಣೆ ಮಾಡ್ದ ಅಂತೀರಿ. ನನ್ ಮರ್ಯಾದಿ ಹೆಂಗೂ ಹೋಗೈತೆ, ಜೊತಿಗೆ ಬಸವಣ್ಣಂದೂ ಯಾಕೆ ಕಳೀಲಿ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಪೂಜಾರಿಯ ತಟ್ಟೆಯಲ್ಲಿ ಕರ್ಪೂರ ತಾನಾಗಿಯೇ ಉರಿದು ಆರಿತು. "ಆರಿಸೋನು ಬರ್ಲಿಲ್ಲ, ಅದೇ ಆರ್ತು," ಅಂತ ಗೊಣಗಿ ಪೂಜಾರಿ ಒಳಗೆ ಹೋದ.

ಸಂಗತಿ ಇಷ್ಟು. ನಾಗರಾಜಪ್ಪನವರ ಲಾರಿ ಹಳೆಯದು. ಮೂತಿ ಮುಂದೆ ಚಾಚಿಕೊಂಡ ಕಾಲದ್ದು. ನ್ಯಾಮತಿ, ಹೊನ್ನಾಳಿ ಕಡೆಯ ಹಳ್ಳಿಗಳಿಂದ ಅಡಿಕೆ ತುಂಬಿಕೊಂಡು ಚನ್ನಗಿರಿಗೆ ಬರುವುದು, ಆಮೇಲೆ ಜಗಳೂರಿಗೆ ಹೋಗಿ ಮೆಕ್ಕೆಜೋಳ ತುಂಬಿಕೊಂಡು ಬರುವುದು, ಇದು ಅದರ ದಾರಿ. ಜಗಳೂರು ದುರುಗಣ್ಣನ ಸ್ವಂತ ಊರು. ಈ ಲಾರಿಯ ಸ್ಟೇರಿಂಗು ಅವನ ಅಂಗೈಯಲ್ಲಿ ಸವೆದದ್ದಕ್ಕಿಂತ ಹೆಚ್ಚಾಗಿ ಅವನ ಅಂಗೈ ಅದರಲ್ಲಿ ಸವೆದಿತ್ತು. ಈಚೆಗೆ ಲಾರಿ ಡೀಸೆಲ್ಲನ್ನು ನೀರಿನಂತೆ ಕುಡಿಯತೊಡಗಿತು. ನಾಗರಾಜಪ್ಪ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಜಡಿದರು. ಡೀಸೆಲ್ ಇಳಿಯುವುದು ನಿಲ್ಲಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗಬೇಕಿತ್ತಲ್ಲ, ಹೆಚ್ಚಾಯಿತು. "ಬೀಗ ಹಾಕಿದ್ರೂ ಕೆಳಗಿನ ಪೈಪ್ ಬಿಚ್ಚಿ ತೆಗೀತಾನಲ್ಲಾ, ಎಂಥಾ ಕೈ ಅವಂದು!" ಅಂತ ಅವರು ಮೊದಲು ಹೊನ್ನಾಳಿಯ ಗ್ಯಾರೇಜಿನಲ್ಲಿ ಅಂದರು, ಆಮೇಲೆ ನ್ಯಾಮತಿಯಲ್ಲಿ ಲೋಡು ಮಾಡುವ ಹಮಾಲರ ಮುಂದೆ ಅಂದರು. ಕೊನೆಗೆ ಜಗಳೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಪರಶುರಾಮನಿಗೆ, ಅಂದರೆ ದುರುಗಣ್ಣನ ಹೆಂಡತಿಯ ತಮ್ಮನಿಗೇ, ಫೋನ್ ಮಾಡಿ ಅಂದರು. ಒಬ್ಬ ಡ್ರೈವರಿಗೆ ಡೀಸೆಲ್ ಕಳ್ಳ ಅನ್ನುವ ಹೆಸರು ಅಂಟಿತು ಅಂದರೆ ಆಯಿತು. ಅವನ ಕೈಗೆ ಯಾರೂ ಬೀಗದ ಕೈ ಕೊಡುವುದಿಲ್ಲ.

"ಹಂಗಾದ್ರೆ ಹೋಗು," ಅಂದರು ನಾಗರಾಜಪ್ಪ. "ಚಾವಿ ಇಟ್ಟು ಹೋಗು. ವಿನಯ್ ಕುಮಾರ್ ಅಂತ ಹೊಸ ಹುಡುಗ ಅದಾನೆ, ನಾಳೆಯಿಂದ ಅವ್ನು ಹೊಡೀತಾನೆ."

"ಹೋಗಲ್ಲ."

"ಏನಂದೆ?"

"ಹೋಗಲ್ಲ ಅಂದೆ. ಕಳ್ಳ ಅನ್ನಿಸ್ಕಂಡು ಹೋಗಲ್ಲ. ಆ ಗಾಡಿ ಬಾಯಿ ಬಿಡಿಸ್ತೀನಿ. ಡೀಸೆಲ್ ಎಲ್ಲಿ ಹೋಗ್ತೈತೆ ಅಂತ ಅದೇ ಹೇಳ್ಬೇಕು. ಆಮ್ಯಾಲೆ ನೀವು ಇರು ಅಂದ್ರೂ ಇರೋದು ಬಿಡೋದು ನನ್ನಿಷ್ಟ."

ಅಷ್ಟು ಜನರ ಮುಂದೆ ಮಾಲೀಕನಿಗೆ ಇದಿರು ಹೇಳಿದವನನ್ನು ಕೈಹಿಡಿದು ಎಳೆದುಹಾಕುವಷ್ಟು ಗಟ್ಟಿತನ ನಾಗರಾಜಪ್ಪನವರಿಗೆ ಇರಲಿಲ್ಲ. ಹುಡುಗ ವಿನಯ್ ಕುಮಾರನಿಗೆ ಆ ಹಳೇ ಗೇರು ಬೀಳುತ್ತದೋ ಇಲ್ಲವೋ ಎಂಬ ಅಳುಕೂ ಒಳಗೆ ಇತ್ತು. "ನೋಡ್ತೀನಿ ನಿನ್ ಗಂಡಸ್ತನ," ಅಂತಷ್ಟೇ ಅಂದು ಮೆಟ್ಟಿಲು ಇಳಿದರು.

ದುರುಗಣ್ಣ ಅವತ್ತೇ ಗೋಡೌನಿನ ಅಂಗಳದಲ್ಲಿ ಬಾನೆಟ್ ಎತ್ತಿದ.

ಹಳೆಯ ಎಂಜಿನ್ನಿನಲ್ಲಿ ಸೋರಿಕೆ ಹುಡುಕುವುದು ಅಂದರೆ ಜಾತ್ರೆಯಲ್ಲಿ ಪೀಪಿ ಊದಿದವನನ್ನು ಹುಡುಕಿದ ಹಾಗೆ. ಎಲ್ಲ ಕಡೆಯೂ ಎಣ್ಣೆ, ಎಲ್ಲ ಕಡೆಯೂ ಮಣ್ಣು. ಮೇಲೆ ಸೋರಿದ್ದು ಕೆಳಗೆ ತೊಟ್ಟಿಕ್ಕುತ್ತದೆ, ಮುಂದೆ ಸೋರಿದ್ದನ್ನು ಫ್ಯಾನಿನ ಗಾಳಿ ಹಿಂದಕ್ಕೆ ಚಿಮ್ಮಿಸುತ್ತದೆ. ಒದ್ದೆ ಕಂಡ ಜಾಗವೇ ತೂತು ಅಂದುಕೊಂಡವನು ಕೆಟ್ಟ. ದುರುಗಣ್ಣನಿಗೆ ಇದು ಗೊತ್ತಿತ್ತು. ಅವನು ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಎಂಜಿನ್ನನ್ನು ಎಮ್ಮೆ ತೊಳೆದ ಹಾಗೆ ತೊಳೆದ. ಬನಿಯನ್ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಬಿಟ್ಟ. ಒಣಗಿದ ಮೇಲೆ ಹಿತ್ತಲ ಬಾಗಿಲಿಗೆ ಹೋಗಿ ಕೂಗಿದ.

"ಅಮ್ಮಾರೇ, ಮನಿಯಾಗೆ ಪೌಡರ್ ಐತೇನ್ರೀ? ಮುಖಕ್ಕೆ ಹಚ್ಕಳೋದು?"

ನಾಗರಾಜಪ್ಪನವರ ಹೆಂಡತಿ ಶಂಕ್ರಮ್ಮ ಈಚೆ ಬಂದರು. "ನಿನ್ ಮಖಕ್ಕಾ, ನಿನ್ ಗಾಡಿ ಮಖಕ್ಕಾ?"

"ಗಾಡಿಗೆ. ಮ್ಯಾಲೆ ಉದುರಿಸಿದ್ರೆ ಡೀಸೆಲ್ ಸೋರೋ ಜಾಗ ಒದ್ದೆ ಆಗಿ ಕಾಣ್ತೈತೆ."

"ನಂಗ್ಯಾಕಪ್ಪಾ ಈ ವಯಸ್ಸಿನಾಗೆ ಪೌಡರ್ರು? ತಡಿ." ಅವರು ಒಳಗಿಂದ ಒಂದು ತಗಡಿನ ಡಬ್ಬಿ ತಂದರು. ಅದರ ತುಂಬ ವಿಭೂತಿಯ ಚೂರು. ಒಡೆದ ವಿಭೂತಿ ಗಟ್ಟಿಯನ್ನು ಹಚ್ಚಿಕೊಳ್ಳಲು ಬರುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಎಲ್ಲರ ಮನೆಯಲ್ಲೂ ಇಂಥದೊಂದು ಡಬ್ಬಿ ಇರುತ್ತದೆ. "ಪುಡಿ ಮಾಡಿ ಉದುರಿಸು. ಸುಮ್ನೆ ಬಿದ್ದಿತ್ತು, ಯಾವ್ದಕ್ಕಾದ್ರೂ ಆಗ್ಲಿ."

ದುರುಗಣ್ಣ ಅದನ್ನು ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಕಟ್ಟಿ ಎಂಜಿನ್ನಿನ ಮೇಲೆ ತಟ್ಟುತ್ತಿದ್ದಾಗ ನಾಗರಾಜಪ್ಪ ಬಂದರು.

"ಅಯ್ಯೋ ಪಾಪಿ! ಈಶ್ವರನ ವಿಭೂತಿ ತಂದು ಎಂಜಿನ್ನಿಗೆ ಬಳೀತೀಯೇನೋ?"

"ಆಯುಧ ಪೂಜೆಲಿ ನೀವು ಬಾನೆಟ್ಟಿನ ಮ್ಯಾಲೆ ಬಳಿಯಲ್ವಾ? ನಾನು ಒಳಗೆ ಬಳ್ದೆ, ಅಷ್ಟೇ."

ಎಂಜಿನ್ ಚಾಲೂ ಮಾಡಿದ. ಮೇಲಿಂದ ಕೆಳಗೆ ಒಂದೊಂದೇ ನೋಡುತ್ತ ಬಂದ. ಪಂಪಿನಿಂದ ನಾಜಲ್ಲಿಗೆ ಹೋಗುವ ಉಕ್ಕಿನ ಪೈಪುಗಳ ಹತ್ತಿರ ಬೆರಳು ಒಯ್ಯಲಿಲ್ಲ. ಅಲ್ಲಿ ಕೂದಲೆಳೆಯ ಬಿರುಕು ಇದ್ದರೂ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿದ, ರಟ್ಟು ಒಣಗಿಯೇ ಇತ್ತು. ಡೀಸೆಲ್ ಫಿಲ್ಟರಿನ ಬಳಿ ಬಂದಾಗ ಅವನ ಕಣ್ಣು ಅರಳಿತು. ಬೆಳ್ಳಗಿದ್ದ ವಿಭೂತಿಯಲ್ಲಿ ಒಂದು ಬೋಲ್ಟಿನ ಸುತ್ತ ಮಾತ್ರ ಬೂದು ಬಣ್ಣದ ಒದ್ದೆ ಕಲೆ.

"ಸಿಕ್ತು! ಬರ್ರಿ ಸಾವ್ಕಾರ್ರೇ, ನೋಡ್ಬರ್ರಿ ಕಳ್ಳನ್ನ!"

ಅದು ತಾಮ್ರದ ವಾಷರ್ ಕಲ್ಲಾಗಿ ಕೂತದ್ದು. ದುರುಗಣ್ಣ ಅದನ್ನು ಬಿಚ್ಚಿ ಶಂಕ್ರಮ್ಮನ ಒಲೆಯ ಮೇಲೆ ಕೆಂಪಗೆ ಕಾಯಿಸಿದ, ನೀರಿಗೆ ಹಾಕಿ ಮೆತ್ತಗೆ ಮಾಡಿದ, ಮತ್ತೆ ಕೂರಿಸಿ ಬಿಗಿದ. ಒದ್ದೆ ನಿಂತಿತು. ಗೋಡೌನಿನ ಹಮಾಲರ ಮುಂದೆ ಎದೆ ಸೆಟೆಸಿ ಚಾ ಕುಡಿದ. ಮಾರನೆಯ ದಿನ ನಾಗರಾಜಪ್ಪನವರೇ ಟ್ಯಾಂಕ್ ತುಂಬಿಸಿ ಬೀಗ ಹಾಕಿ ಸೂಳೆಕೆರೆ ಏರಿಯ ಆಚೆಯ ಹಳ್ಳಿಗೆ ಅಡಿಕೆ ತರಲು ಕಳಿಸಿದರು. ವಾಪಸು ಬಂದ ಮೇಲೆ ಅಳೆಯುವ ಕೋಲನ್ನು ಟ್ಯಾಂಕಿಗೆ ಇಳಿಬಿಟ್ಟು ಎತ್ತಿದರು. ಕೋಲನ್ನು ದುರುಗಣ್ಣನ ಮೂಗಿನ ಮುಂದೆ ಹಿಡಿದರು. ಡೀಸೆಲ್ ಎಂದಿನಷ್ಟೇ ಇಳಿದಿತ್ತು.

"ಕಳ್ಳನ್ನ ಹಿಡಿದೆ ಅಂದ್ಯಲ್ಲಪ್ಪಾ, ಮತ್ತೆ ಯಾರು ಕುಡಿದ್ರು? ಅವ್ನ ತಮ್ಮನಾ?"

ಆ ಹಮಾಲರೇ ಮುಖ ಆಚೆ ತಿರುಗಿಸಿ ನಕ್ಕರು. ದುರುಗಣ್ಣ ಎರಡು ದಿನ ಲಾರಿಯ ಕೆಳಗೇ ಮಲಗಿ ಎದ್ದ. ಕಾಣದ ತೂತಿದ್ದರೆ ಮುಚ್ಚಲಿ ಅಂತ ಟ್ಯಾಂಕಿನ ತಳಕ್ಕೆ ಬಾರ್ ಸೋಪು ತಿಕ್ಕಿದ. ರಬ್ಬರ್ ಪೈಪುಗಳನ್ನು ಬಗ್ಗಿಸಿ ಬಿರುಕು ನೋಡಿದ. ವಾಪಸು ಬರುವ ಡೀಸೆಲ್ಲಿನ ಸಣ್ಣ ಪೈಪನ್ನು ಬಿಚ್ಚಿ ಬಾಯಲ್ಲಿ ಊದಿದ. ಕೊನೆಗೆ ಇಡೀ ಎಂಜಿನ್ ವಿಭೂತಿ ಹಚ್ಚಿಕೊಂಡ ಸ್ವಾಮಿಗಳ ಹಾಗೆ ಬೆಳ್ಳಗೆ, ಒಣಗಿ, ಶಾಂತವಾಗಿ ಕೂತಿತ್ತು. ಒಂದು ತೊಟ್ಟೂ ಹೊರಗೆ ಬೀಳುತ್ತಿರಲಿಲ್ಲ. ಅದೇ ಅವನ ಪಾಲಿಗೆ ಕೇಡಾಯಿತು. ಸೋರುವುದಿಲ್ಲ ಅಂತ ಅವನೇ ಸಾಬೀತು ಮಾಡಿದ ಹಾಗಾಯಿತಲ್ಲ!

ಜಗಳೂರಿನಿಂದ ಹೆಂಡತಿ ಗಾದ್ರಮ್ಮ ಫೋನ್ ಮಾಡಿದಳು.

"ಏನಾತು?"

"ಇನ್ನೂ ಸಿಕ್ಕಿಲ್ಲ."

"ಇಲ್ಲಿ ಕುರಿ ಸಂತೆನಾಗೂ ಅದೇ ಮಾತು. ಆಣೆ ಮಾಡಾಕೆ ಹೆದರಿದ್ನಂತೆ ಅಂತಾರೆ."

"ನೀನೇನಂದೆ?"

"ನನ್ ಗಂಡ ಹೆದರೋದು ನನಗೊಬ್ಳಿಗೇ, ದೇವ್ರಿಗಲ್ಲ ಅಂದೆ." ಫೋನ್ ಇಡುವ ಮೊದಲು ಅವಳು ಸೇರಿಸಿದಳು, "ಸಿಗೋವರೆಗೂ ಬರಬ್ಯಾಡ. ಬಂದ್ರೆ ಓಡಿ ಬಂದ ಅಂತಾರೆ."

ದುರುಗಣ್ಣ ಫೋನನ್ನು ಜೇಬಿಗೆ ಹಾಕಿ ಸೀದಾ ನಾಗರಾಜಪ್ಪನವರ ಎದುರು ನಿಂತ. "ಹೊನ್ನಾಳಿಗೆ ಹೋಗಾನ. ಹನುಮಂತಪ್ಪ ಮೇಸ್ತ್ರಿಗೆ ತೋರ್ಸಾನ. ನೀವೂ ಬರ್ರಿ. ಆಮ್ಯಾಲೆ ನಾನೂ ಮೇಸ್ತ್ರೀನೂ ಸೇರ್ಕಂಡು ಕತೆ ಕಟ್ಟಿದ್ವಿ ಅನ್ನಂಗಿರಬಾರ್ದು."

ನಾಗರಾಜಪ್ಪನವರಿಗೂ ಅವತ್ತು ಆ ಕಡೆ ಹೋಗುವುದಿತ್ತು. ಶಂಕ್ರಮ್ಮನ ತವರು ನ್ಯಾಮತಿ. ಲಾರಿ ಹೇಗೂ ಖಾಲಿ ಹೊರಟಿದೆ, ಬಸ್ಸಿನಲ್ಲಿ ಯಾಕೆ ಒದ್ದಾಡಲಿ ಅಂತ ಶಂಕ್ರಮ್ಮನೂ ಚೀಲ ಹಿಡಿದು ಹತ್ತಿ ಇಬ್ಬರ ನಡುವೆ ಕೂತರು. ದಾರಿಯುದ್ದಕ್ಕೂ ನಾಗರಾಜಪ್ಪ ಕಿಟಕಿಯಾಚೆ ನೋಡುತ್ತ ಕೂತರು, ದುರುಗಣ್ಣ ಸಿಟ್ಟಿನಿಂದಲೇ ಗೇರು ಹಾಕಿದ. ಒಂದು ಹಂಪಿನಲ್ಲಿ ಲಾರಿ ಎಗರಿದಾಗ ಶಂಕ್ರಮ್ಮ ಅಂದರು, "ನಿಮ್ಮಿಬ್ರ ಸಿಟ್ಟಿಗೆ ನನ್ ಸೊಂಟ ಯಾಕೆ ಮುರೀತೀಯೋ ದುರುಗಣ್ಣ? ನಿಧಾನ ಹೊಡಿ."

ಹನುಮಂತಪ್ಪನ ಗ್ಯಾರೇಜು ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿತ್ತು. ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ ಎಂಜಿನ್ನಿನ ಸುತ್ತ ಬಂದ, ಕೆಳಗೆ ನುಗ್ಗಿದ, ಎದ್ದ. "ಇಷ್ಟು ಚೊಕ್ಕ ಇರೋ ಎಂಜಿನ್ ನಾನು ಹೊಸ ಗಾಡಿನಾಗೂ ಕಂಡಿಲ್ಲ. ಹೊರಗೆ ಎಲ್ಲೂ ಲೀಕ್ ಇಲ್ಲ ಕಣೋ ದುರುಗಣ್ಣ."

"ಇನ್ನೊಂದು ಸಲ ನೋಡ್ರಿ ಮೇಸ್ತ್ರಿ."

ಹನುಮಂತಪ್ಪ ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಹೋಗಿ ಆಣೆ ಮಾಡ್ಬಿಡು. ಮಾಲೀಕ್ರು ಒಳ್ಳೇವ್ರು, ಬಿಟ್ಬಿಡ್ತಾರೆ."

"ನೀವೂ ಕಳ್ಳ ಅಂತೀರೇನ್ರೀ?"

"ನಾನಂದ್ನಾ? ಇಲ್ಲಪ್ಪ. ಆದ್ರೆ ಡೀಸೆಲ್ಲಿಗೆ ರೆಕ್ಕೆ ಇಲ್ವಲ್ಲ."

ದುರುಗಣ್ಣ ಅವನ ಕೈಯಿಂದ ಪಾನಾ ಕಿತ್ತುಕೊಂಡ. "ಇಲ್ದಿದ್ರೆ ಕಾಲಾದ್ರೂ ಇರ್ಬೇಕು. ನೀವು ನೋಡ್ದಿದ್ರೆ ಬಿಡ್ರಿ, ನಾನೇ ಬಿಚ್ತೀನಿ. ಪೂರ್ತಾ ಎಂಜಿನ್ ಇಲ್ಲೇ ನಡು ರಸ್ತೆಗೆ ಹರವ್ತೀನಿ."

"ಲೇ ಲೇ ಲೇ!" ನಾಗರಾಜಪ್ಪ ಓಡಿಬಂದರು. "ಎಂಜಿನ್ ಮುಟ್ಟಿದ್ರೆ ನೋಡು! ಇಂಥಾ ಎಂಜಿನ್ ಈ ಜಿಲ್ಲೆನಾಗೆ ಇಲ್ಲ. ಮೇಸ್ತ್ರಿ, ಇಲ್ಲಿ ಬರ್ರಿ, ಒಂದು ತೋರಿಸ್ತೀನಿ." ಅವರು ಎಂಜಿನ್ನಿನ ಪಕ್ಕದಿಂದ ಆಯಿಲ್ ನೋಡುವ ಗೇಜ್ ಕಡ್ಡಿಯನ್ನು ಎಳೆದರು. ಅದು ಅವರ ಹಳೆಯ ಹೆಮ್ಮೆ. ಯಾರು ಬಂದರೂ ಆ ಕಡ್ಡಿ ಎಳೆದು ತೋರಿಸುತ್ತಿದ್ದರು. "ಹಳೇ ಗಾಡಿ ಅಂದ್ರೆ ಆಯಿಲ್ ಕುಡೀತಾವೆ ಅಂತಾರಲ್ಲ? ನೋಡ್ರಿ! ಮ್ಯಾಲಿನ ಗೆರೆನೂ ದಾಟಿ ನಿಂತೈತೆ. ಒಂದು ತೊಟ್ಟು ಆಯಿಲ್ ಹಾಕ್ಸಿಲ್ಲ ನಾನು. ಇಳಿಯೋದಿರ್ಲಿ, ಇನ್ನೂ ಏರ್ತೈತೆ! ಬದಲಾಯ್ಸೋ ಕೆಲಸಾನೇ ಇಲ್ಲ. ಇದು ಬಸವಣ್ಣ ಕೊಟ್ಟ ಹುಲುಸು."

ಇದನ್ನು ಕೇಳಿ ಯಾರೂ ಬೆಚ್ಚಲಿಲ್ಲ ಅಂದರೆ ಅದಕ್ಕೆ ಕಾರಣವಿದೆ. ಅಲ್ಲಿದ್ದವರೆಲ್ಲ ಕಣದಲ್ಲಿ ಬೆಳೆದವರು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಂದುಕೊಂಡದ್ದಕ್ಕಿಂತ ರಾಶಿ ಹೆಚ್ಚು ಬಂದರೆ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ, ಕೇಳಿದರೆ ಹುಲುಸು ಹಾರಿಹೋಗುತ್ತದೆ. ಇಳಿದದ್ದಕ್ಕೆ ಲೆಕ್ಕ ಕೇಳಬೇಕು, ಏರಿದ್ದಕ್ಕೆ ಕೈಮುಗಿಯಬೇಕು. ದುರುಗಣ್ಣ ದಿನಾ ಬೆಳಿಗ್ಗೆ ಅದೇ ಕಡ್ಡಿ ಎಳೆದು, ಗೆರೆ ದಾಟಿದ ಆಯಿಲ್ ನೋಡಿ, ಒರೆಸಿ, ಹಣೆಗೆ ಮುಟ್ಟಿಸಿ ಒಳಗೆ ಇಡುತ್ತಿದ್ದ. ಈಗಲೂ ಹನುಮಂತಪ್ಪ ಅರೆಮನಸ್ಸಿನಿಂದ ತಲೆದೂಗಿ "ಪುಣ್ಯವಂತ್ರು ಬಿಡ್ರಿ" ಅಂದ.

ಶಂಕ್ರಮ್ಮ ಕ್ಯಾಬಿನ್ನಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರು ಸುಣ್ಣದ ಬೆರಳನ್ನು ಹಾಗೇ ಹಿಡಿದು ಕೇಳಿದರು. "ಏನ್ರೀ, ಹಾಕ್ದೆ ಇದ್ದಿದ್ದು ಹೆಂಗೆ ಏರ್ತೈತೆ?"

"ಅದೇ ಹೇಳಿದ್ನಲ್ಲೇ, ಹುಲುಸು."

"ಹಾಲಿನ ಧರ್ಮಪ್ಪನ ಕ್ಯಾನಿನಾಗೆ ಹಾಲು ಏರಿದ್ರೆ ನೀರು ಎಷ್ಟು ಹಾಕ್ದೆಪ್ಪಾ ಅಂತ ಕೇಳ್ತೀವಿ. ನಿಮ್ ಲಾರಿನಾಗೆ ಎಣ್ಣಿ ಏರಿದ್ರೆ ಕಾಯಿ ಒಡೀತೀರಾ?"

ಹನುಮಂತಪ್ಪನ ಕನ್ನಡಕ ಹಣೆಯಿಂದ ತಾನಾಗಿ ಜಾರಿ ಮೂಗಿಗೆ ಬಂತು. ದುರುಗಣ್ಣ ಒಂದೇ ಹೆಜ್ಜೆಗೆ ಬಂದು ನಾಗರಾಜಪ್ಪನವರ ಕೈಯಿಂದ ಕಡ್ಡಿ ಕಿತ್ತುಕೊಂಡ. ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ನೀರು. ಆಯಿಲ್ ಅಂದರೆ ಜೇನಿನ ಹಾಗೆ ಎಳೆ ಬಿಡಬೇಕು, ಇದು ನೀರಿನಷ್ಟು ತೆಳು. ಮೂಸಿ ನೋಡಿದ. ದಿನವೂ ಡೀಸೆಲ್ಲಿನ ನಡುವೆಯೇ ಇದ್ದ ಮೂಗಿಗೆ ಇಷ್ಟು ದಿನ ತಿಳಿಯದ ವಾಸನೆ ಈಗ, ತೊಳೆದು ಒಣಗಿಸಿದ ಎಂಜಿನ್ನಿನ ಪಕ್ಕದಲ್ಲಿ, ಗಪ್ಪೆಂದು ಹೊಡೆಯಿತು.

"ಪೇಪರ್ ಕೊಡ್ರಿ," ಅಂದ.

ಹಳೆಯ ದಿನಪತ್ರಿಕೆಯ ಮೇಲೆ ಕಡ್ಡಿಯಿಂದ ಒಂದು ಹನಿ ಬಿಟ್ಟ. ಪಕ್ಕದಲ್ಲಿ ಮೇಸ್ತ್ರಿಯ ಡಬ್ಬಿಯಿಂದ ಹೊಸ ಆಯಿಲ್ ಒಂದು ಹನಿ. ಹೊಸದು ಬಿದ್ದಲ್ಲೇ ಕೂತಿತು. ಲಾರಿಯದ್ದು ಮಾತ್ರ ನಡುವೆ ಕಪ್ಪು ಬೊಟ್ಟಿಟ್ಟು, ಸುತ್ತಲೂ ತಿಳಿಯಾದ ಒದ್ದೆ ಬಳೆಯಾಗಿ ಹರಡುತ್ತಲೇ ಹೋಯಿತು. ಎಲ್ಲರೂ ಬಗ್ಗಿ ಆ ಬಳೆ ದೊಡ್ಡದಾಗುವುದನ್ನೇ ನೋಡಿದರು.

"ಹಪ್ಪಳ ಕರಿದು ಹಾಕಿದ ಪೇಪರ್ ಇದ್ದಂಗೈತೆ," ಅಂದರು ಶಂಕ್ರಮ್ಮ.

"ಡೀಸೆಲ್ ಅಮ್ಮಾರೇ ಅದು. ಡೀಸೆಲ್!" ದುರುಗಣ್ಣ ಕಡ್ಡಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದ. "ಹೊರಗೆ ಸೋರ್ತಿಲ್ಲ. ಒಳಗೆ ಸೋರ್ತೈತೆ. ಆಯಿಲ್ ಚೇಂಬರಿಗೇ ಇಳೀತೈತೆ!"

ಮೇಸ್ತ್ರಿಗೆ ಮುಂದಿನದು ಯಾರೂ ಹೇಳಬೇಕಾಗಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪು ದೊಡ್ಡ ಪಂಪಿನ ಪಕ್ಕೆಗೆ ಅಂಟಿಕೊಂಡಿರುತ್ತದೆ. ಅದರ ಬೆನ್ನಿಂದ ಒಂದು ಸಣ್ಣ ಕಂಬಿ ದೊಡ್ಡ ಪಂಪಿನ ಹೊಟ್ಟೆಯೊಳಗೆ ಚಾಚಿರುತ್ತದೆ. ಆ ಹೊಟ್ಟೆಗೂ ಎಂಜಿನ್ನಿನ ಆಯಿಲಿಗೂ ಒಳದಾರಿ. ಕಂಬಿ ಸವೆದರೆ ಡೀಸೆಲ್ ಅದರ ಮೈ ಹಿಡಿದು ಒಳಗೆ ಜಾರುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ.

ಹನುಮಂತಪ್ಪ ಫೀಡ್ ಪಂಪನ್ನು ಬಿಚ್ಚಿ, ಡೀಸೆಲ್ ಬರುವ ಪೈಪು ಹಾಗೇ ಇರಲು ಬಿಟ್ಟು, ಹೋಗುವ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ದುರುಗಣ್ಣ ಅದರ ಮೇಲಿದ್ದ ಸಣ್ಣ ಹ್ಯಾಂಡ್ ಪಂಪ್ ಒತ್ತತೊಡಗಿದ. ಒತ್ತಿದ, ಒತ್ತಿದ. ಎಲ್ಲರ ಕಣ್ಣೂ ಆ ಕಂಬಿಯ ಬುಡದಲ್ಲಿ. ಮೊದಲು ಅದು ಬೆವತಿತು. ಆಮೇಲೆ ಒಂದು ಹನಿ ಉಬ್ಬಿ ನಿಂತಿತು. ಬಿತ್ತು. ಇನ್ನೊಂದು. ಮತ್ತೊಂದು. ಆಮೇಲೆ ಹನಿಯೂ ಅಲ್ಲ, ದಾರ.

"ಬಾಯಿ ಬಿಡ್ತು," ಅಂದ ದುರುಗಣ್ಣ.

ಹನುಮಂತಪ್ಪ ಹೆಬ್ಬೆರಳು ತೆಗೆದು ನಾಗರಾಜಪ್ಪನವರ ಕಡೆ ತಿರುಗಿದ. "ನಾಗರಾಜಪ್ನೋರೇ, ಇನ್ನೊಂದು ವಾರ ಹಿಂಗೇ ಹೊಡ್ದಿದ್ರೆ ಬೇರಿಂಗ್ ಹಿಡ್ಕಂಡು ಇಡೀ ಎಂಜಿನ್ ಸತ್ತೇ ಹೋಗ್ತಿತ್ತು. ಹುಲುಸಲ್ಲ ಇದು, ಜಲೋದರ."

ನಾಗರಾಜಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ದುರುಗಣ್ಣನ ಹೆಗಲ ಮೇಲೆ ಕೈ ಇಟ್ಟು, "ಆಯ್ತು ಬಿಡಪ್ಪಾ. ಗಾಡಿ ಉಳೀತಲ್ಲ. ಬಾ, ನಾಳೆ ಚನ್ನಗಿರಿಗೆ ಹೋದ ಮ್ಯಾಲೆ ಗುಡಿಗೆ ಹೋಗಿ ಇಬ್ರೂ ಕಾಯಿ ಒಡ್ಸಾನ. ಇದ್ನ ಇಲ್ಲಿಗೇ ಮರ್ತುಬಿಡಾನ," ಅಂದರು.

ದುರುಗಣ್ಣ ಹೆಗಲು ಸರಿಸಿದ. ಕೈ ಗಾಳಿಯಲ್ಲಿ ಉಳಿಯಿತು.

"ಗುಡಿಗೆ ಯಾಕ್ರೀ? ನನ್ನ ಕಳ್ಳ ಅಂದಿದ್ದು ಬಸವಣ್ಣನ ಹತ್ರ ಅಲ್ಲ. ಈ ಗ್ಯಾರೇಜಿನಾಗೆ ಅಂದ್ರಿ. ನ್ಯಾಮತಿ ಹಮಾಲರ ಮುಂದೆ ಅಂದ್ರಿ. ಜಗಳೂರಿನಾಗೆ ನನ್ ಭಾಮೈದುನಿಗೆ ಫೋನ್ ಮಾಡಿ ಅಂದ್ರಿ. ಎಲ್ಲೆಲ್ಲಿ ಅಂದ್ರೋ ಅಲ್ಲಲ್ಲೇ ಇಳಿದು, ನಾನಂದಿದ್ದು ತಪ್ಪು ಅಂತ ನಿಮ್ ಬಾಯಾಗೆ ಹೇಳ್ರಿ. ಗಾಡಿ ನಾನು ಹೊಡೀತೀನಿ. ಇಳಿಯೋದು ನೀವು."

"ಮಾಲೀಕ ಕಣೋ ನಾನು! ಊರೂರಿಗೆ ಹೋಗಿ ಡ್ರೈವರ್ ಮುಂದೆ ತಲೆ ತಗ್ಗಿಸ್ಲಾ? ಅಲ್ಲದೆ, ಆ ಕಡ್ಡಿ ದಿನಾ ನೋಡ್ತಿದ್ದೋನು ನೀನು. ನಿಂಗೂ ತಿಳೀಲಿಲ್ವಲ್ಲ?"

"ಹೌದು, ತಿಳೀಲಿಲ್ಲ. ನಂದು ದಡ್ಡತನ. ಅದ್ನ ನಾನೇ ಮೂರೂ ಊರಿನಾಗೆ ಕೂಗಿ ಹೇಳ್ತೀನಿ ಬೇಕಾರೆ. ಆದ್ರೆ ನಾನು ಮಾಡಿದ್ದು ದಡ್ಡತನ, ನೀವು ಹೊರಿಸಿದ್ದು ಕಳ್ಳತನ. ಎರಡೂ ಒಂದೇ ತೂಕ ಅಲ್ಲ ಸಾವ್ಕಾರ್ರೇ."

ಚಾವಿಯನ್ನು ಬಾನೆಟ್ಟಿನ ಮೇಲೆ ಇಟ್ಟು ದುರುಗಣ್ಣ ಕೈಕಟ್ಟಿ ನಿಂತ. ನಾಗರಾಜಪ್ಪ ಹೆಂಡತಿಯ ಕಡೆ ನೋಡಿದರು. ಶಂಕ್ರಮ್ಮ ಎಲೆಯನ್ನು ದವಡೆಗೆ ಒತ್ತಿಕೊಂಡು ಅಂದರು, "ನನ್ನೇನು ನೋಡ್ತೀರಿ? ಹೇಳುವಾಗ ನನ್ ಕೇಳಿ ಹೇಳಿದ್ರಾ?"

ಹೊಸ ಫೀಡ್ ಪಂಪು ದಾವಣಗೆರೆಯಿಂದ ಬಸ್ಸಿನಲ್ಲಿ ಬಂತು. ಮೇಸ್ತ್ರಿ ಹಳೆಯ ಆಯಿಲನ್ನೆಲ್ಲ ಇಳಿಸಿದಾಗ ಪಾತ್ರೆ ತುಂಬಿ ಇನ್ನೊಂದು ಪಾತ್ರೆ ಹುಡುಕಬೇಕಾಯಿತು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಪೈಪಿನ ಗಾಳಿ ತೆಗೆದು ಚಾಲೂ ಮಾಡಿದರೆ ಎಂಜಿನ್ನಿನ ದನಿಯೇ ಬೇರೆ, ಗಂಟಲು ಸರಿಮಾಡಿಕೊಂಡ ಮುದುಕನ ಹಾಗೆ. ಆ ದನಿಯ ನಡುವೆ ನಾಗರಾಜಪ್ಪ ಏನೋ ಗೊಣಗಿದರು. ದುರುಗಣ್ಣ ಎಂಜಿನ್ ಬಂದ್ ಮಾಡಿದ.

"ಈಗ ಹೇಳ್ರಿ."

"ದುರುಗಣ್ಣ ಕದ್ದಿಲ್ಲ. ನಾನಂದಿದ್ದು ತಪ್ಪು," ಅಂದರು ನಾಗರಾಜಪ್ಪ, ಹನುಮಂತಪ್ಪನ ಮುಖ ನೋಡದೆ. ಮೇಸ್ತ್ರಿಯೂ ಅವರ ಮುಖ ನೋಡಲಿಲ್ಲ. ಅವನೂ ಆಣೆ ಮಾಡು ಅಂದವನೇ.

ನ್ಯಾಮತಿಯಲ್ಲಿ ಇನ್ನೂ ಕಷ್ಟವಾಯಿತು. ಶಂಕ್ರಮ್ಮನನ್ನು ತವರಿನ ಬಾಗಿಲಿಗೆ ಇಳಿಸಿ, ಲೋಡಿನ ಜಾಗಕ್ಕೆ ಬಂದರೆ ಹಮಾಲರೆಲ್ಲ ಅಲ್ಲೇ ಇದ್ದರು. ನಾಗರಾಜಪ್ಪ ಕ್ಯಾಬಿನ್ನಿನಿಂದ ಇಳಿಯದೆ ಕಿಟಕಿಯಲ್ಲೇ ತಲೆ ಹಾಕಿ ಹೇಳಿದರು. "ಸಾವ್ಕಾರ್ರೇ, ಅವತ್ತು ಇಳಿದು ನಿಂತು ಅಂದಿದ್ರಿ," ಅಂದ ದುರುಗಣ್ಣ. ಇಳಿದರು. ಹೇಳಿದರು. ಒಬ್ಬ ಹಮಾಲ ಕಿವಿಗೆ ಕೈ ಹಚ್ಚಿ "ಏನಂದ್ರಿ ಯಜಮಾನ್ರೇ?" ಅಂದ. ಅವನಿಗೆ ಕೇಳಿಸಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ನಾಗರಾಜಪ್ಪ ಕೆಂಪಗಾಗಿ ಎರಡನೆಯ ಸಲ ಜೋರಾಗಿ ಹೇಳಿದರು.

ಜಗಳೂರು ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಪರಶುರಾಮನ ಪಂಕ್ಚರ್ ಅಂಗಡಿಯ ಮುಂದೆ ಲಾರಿ ನಿಂತಾಗ ಗಾದ್ರಮ್ಮ ಆಗಲೇ ಅಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಟೈರಿನ ಮೇಲೆ ಕೂತಿದ್ದಳು. ಗಂಡನ ಕಡೆ ನೋಡಿಯೂ ನೋಡದ ಹಾಗೆ ಇದ್ದಳು.

ನಾಗರಾಜಪ್ಪನವರಿಗೆ ಈಗ ಮಾತು ಬಾಯಿಪಾಠವಾಗಿತ್ತು. ಇಳಿದರು, ನಿಂತರು, "ದುರುಗಣ್ಣ ಕದ್ದಿಲ್ಲ, ನಾನಂದಿದ್ದು ತಪ್ಪು," ಅಂದರು.

"ಬಿಡ್ರಿ ಸಾವ್ಕಾರ್ರೇ, ದೊಡ್ಡೋರು ನೀವು," ಅಂತ ಪರಶುರಾಮ ಕುರ್ಚಿ ಎಳೆಯಹೋದ.

"ಬಿಡಾಕೆ ನೀನ್ಯಾರೋ?" ಗಾದ್ರಮ್ಮ ತಮ್ಮನನ್ನು ಅಲ್ಲೇ ನಿಲ್ಲಿಸಿದಳು. "ಅವತ್ತು ಫೋನಿನಾಗೆ ಹ್ಞೂಂ ಹ್ಞೂಂ ಅಂತ ಕೇಳಿದ್ಯಲ್ಲ, ಇವತ್ತೂ ಸುಮ್ನೆ ಕೇಳು." ಅವಳು ನಾಗರಾಜಪ್ಪನವರ ಕಡೆ ತಿರುಗಿದಳು. ದನಿ ಏರಲಿಲ್ಲ, ಮರ್ಯಾದೆ ಬಿಡಲಿಲ್ಲ. "ಸಾವ್ಕಾರ್ರೇ, ಅವತ್ತು ಫೋನಿನಾಗೆ ಕಳ್ಳ ಅಂತ ಹೇಳಾಕೆ ನಿಮಗೆ ಬಾಳ ಹೊತ್ತು ಹಿಡೀತಂತೆ. ಹೆಂಗೆ ಬೀಗ ಹಾಕಿದ್ರಿ, ಹೆಂಗೆ ಪೈಪ್ ಬಿಚ್ಚಿದ, ಎಲ್ಲಾ ಬಿಡಿಸಿ ಬಿಡಿಸಿ ಹೇಳಿದ್ರಂತೆ. ಇವತ್ತು ಒಂದೇ ಉಸುರಿಗೆ ಮುಗೀತಾ?"

ನಾಗರಾಜಪ್ಪ ತಬ್ಬಿಬ್ಬಾದರು. "ಮತ್ತೇನ್ ಹೇಳ್ಲವ್ವಾ?"

"ಡೀಸೆಲ್ ಎಲ್ಲಿ ಹೋಗ್ತಿತ್ತು ಅಂತ ಹೇಳ್ರಿ. ಅದ್ನೂ ಬಿಡಿಸಿ ಬಿಡಿಸಿ ಹೇಳ್ರಿ. ಇಲ್ಲಿರೋರೆಲ್ಲಾ ಕೇಳ್ಲಿ."

ಅವರು ಕುರ್ಚಿಯಲ್ಲಿ ಕೂತರು. ಶುರುವಿಗೆ ತಡವರಿಸಿದರು. ಫೀಡ್ ಪಂಪು ಅಂದರು, ಕಂಬಿ ಅಂದರು. ಆಟೋದವರು, ಕುರಿ ಹೊಡೆದುಕೊಂಡು ಹೋಗುತ್ತಿದ್ದವರು, ಬಸ್ಸಿಗೆ ಕಾದವರು ಒಬ್ಬೊಬ್ಬರೇ ಬಂದು ನಿಂತರು. ಜನ ಸೇರಿದಂತೆ ವ್ಯಾಪಾರಿಯ ನಾಲಿಗೆ ತಾನಾಗಿ ಸಡಿಲವಾಯಿತು. ಗೇಜ್ ಕಡ್ಡಿ ಎಳೆದದ್ದನ್ನು ಕೈಯಲ್ಲೇ ಎಳೆದು ತೋರಿಸಿದರು. ಹೆಂಡತಿ ಹಾಲಿನ ಮಾತು ಆಡಿದ್ದನ್ನು ಹೆಂಡತಿಯ ದನಿಯಲ್ಲೇ ಹೇಳಿದರು, ಜನ ನಕ್ಕರು. ಪೇಪರಿನ ಮೇಲೆ ಬಳೆ ಹರಡಿದ್ದಕ್ಕೆ ಬಂದಾಗ ಅವರ ಬೆರಳು ಗಾಳಿಯಲ್ಲಿ ಸುತ್ತು ಹಾಕಿ, ಅಲ್ಲೇ ನಿಂತಿತು. ಮುಂದೆ ಹೇಳಲು ಉಳಿದಿದ್ದದ್ದು ಒಂದೇ ಮಾತು. ಅದನ್ನು ಹೇಳುವಾಗ ಅವರು ಮೊದಲ ಸಲ ದುರುಗಣ್ಣನ ಮುಖ ನೋಡಿದರು.

"ಇವನು ಆಣೆ ಮಾಡಲ್ಲ ಅಂದಾಗ ಕಳ್ಳನೇ ಅಂದ್ಕಂಡೆ. ಮಾಡಿದ್ರೆ ಇಷ್ಟೊತ್ತಿಗೆ ನನ್ ಎಂಜಿನ್ ಗುಜರಿ ಅಂಗಡಿನಾಗೆ ಇರ್ತಿತ್ತು."

ಗಾದ್ರಮ್ಮ ಎದ್ದು ಸೆರಗು ಬಿಚ್ಚಿ ಕೊಡವಿದಳು. "ಮನಿಗೆ ಬರ್ರಿ. ರೊಟ್ಟಿ ಮಾಡೀನಿ. ಉಂಡು ಹೋಗ್ರಿ." ನಾಲ್ಕು ಹೆಜ್ಜೆ ಹೋಗಿ ಹಿಂದೆ ನೋಡಿದಳು. "ರೊಟ್ಟಿ ಹಸಿವಿಗೆ. ಸಿಟ್ಟು ಹಂಗೇ ಐತೆ, ಅದು ಇಳಿಯಾಕೆ ಇನ್ನಷ್ಟು ದಿನ ಬೇಕು."

ನಾಗರಾಜಪ್ಪ ದುರುಗಣ್ಣನ ಹತ್ತಿರ ಬಂದರು. "ನಾಳೆ ಜೋಳ ಲೋಡ್ ಐತೆ. ನೀನು..." ವಿನಯ್ ಕುಮಾರನ ಹೆಸರು ಎತ್ತಲಿಲ್ಲ.

ದುರುಗಣ್ಣ ಲಾರಿಯ ಮೂತಿಗೆ ಒರಗಿದ. ಬಿಟ್ಟು ಹೋಗಬಹುದಿತ್ತು. ಈಗ ಹೋದರೆ ಓಡಿಹೋದ ಅಂತ ಯಾರೂ ಅನ್ನುತ್ತಿರಲಿಲ್ಲ, ಯಾವ ಮಾಲೀಕನಾದರೂ ಕರೆದು ಚಾವಿ ಕೊಡುತ್ತಿದ್ದ. ಆದರೆ ತನ್ನನ್ನು ಕಳ್ಳ ಅಂದ ರಸ್ತೆಗಳಲ್ಲೇ, ಅದೇ ಲಾರಿಯಲ್ಲೇ, ಹಾರ್ನ್ ಹೊಡೆದುಕೊಂಡು ಓಡಾಡಬೇಕು ಅನ್ನಿಸಿತು ಅವನಿಗೆ.

"ಹೊಡೀತೀನಿ," ಅಂದ. "ಬೇರೇವ್ರ ಕೈಗೆ ಇದು ಪಳಗಲ್ಲ. ಆದ್ರೆ ಒಂದು ಮಾತು. ಇನ್ನೊಂದು ಸಲ ಏನಾದ್ರೂ ಕಮ್ಮಿ ಬಂದ್ರೆ ಮೊದ್ಲು ಬಾನೆಟ್ ತೆಗೀರಿ. ಬಾಯಿ ಆಮ್ಯಾಲೆ."

ನಾಗರಾಜಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಆಮೇಲೆ ಗಾದ್ರಮ್ಮ ಹೋದ ದಾರಿ ಹಿಡಿದು, ಪಂಚೆ ಎತ್ತಿಕೊಂಡು, ರೊಟ್ಟಿಗೆ ಹೊರಟರು.